ಬಂಗು, ಬೊಟಾಕ್ಸ್, ಲೇಸರ್: ಮುಖದ ವಯಸ್ಸು ಮೊದಲು ಎಲ್ಲಿ ಕಾಣುತ್ತದೆ?

ಪಾತ್ರೆ ತೊಳೀತಾ ಕೇಳ್ತಿದ್ದರೂ ಸರಿ, ಆಫೀಸಿಗೆ ಕಾರು ಓಡಿಸ್ತಾ ಕೇಳ್ತಿದ್ದರೂ ಸರಿ. ಕಾರಿನಲ್ಲಿದ್ದರೆ ಪಕ್ಕದ ಕಿಟಕಿಯ ಬಗ್ಗೆ ಆಮೇಲೆ ಒಂದು ಮಾತು ಇದೆ, ನೆನಪಿಟ್ಟುಕೊಳ್ಳಿ.

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ಈಮೇಲ್‌ನಿಂದ. ಬರೆದವರು ಟೆಕ್ಸಾಸ್‌ನಲ್ಲಿರುವ ಕೇಳುಗರು, ವಯಸ್ಸು 54. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳುವುದಿಲ್ಲ. ಡಿಸೆಂಬರ್‌ನಲ್ಲಿ ಮೈಸೂರಿನಲ್ಲಿ ಮಗಳ ಮದುವೆ. ಇನ್ನು ನಾಲ್ಕು ತಿಂಗಳಿದೆ. ಎರಡೂ ಕೆನ್ನೆಯ ಮೇಲೆ ಬಂಗು ಇದೆ, ಹುಬ್ಬುಗಳ ನಡುವೆ ಎರಡು ಗೆರೆ ಬಿದ್ದಿವೆ. ಮನೆ ಹತ್ತಿರದ ಸ್ಪಾ ಒಂದರಲ್ಲಿ 'ಫೋಟೋಫೇಶಿಯಲ್' ಅಂತ ಐದು ಸಿಟ್ಟಿಂಗ್‌ನ ಪ್ಯಾಕೇಜ್‌ಗೆ ಮುಂಗಡ ಕೊಟ್ಟು ಬಂದಿದ್ದಾರೆ. ಮೊದಲ ಸಿಟ್ಟಿಂಗ್ ಮುಂದಿನ ತಿಂಗಳು. ಈಮೇಲ್‌ನ ಕೊನೆ ಸಾಲು ಹೀಗಿದೆ: "ನನ್ನ ಸ್ನೇಹಿತೆಗೆ ಚೆನ್ನಾಗಿ ಆಯ್ತು, ಆದರೆ ಅವಳು ಅಮೆರಿಕದವಳು, ಬೆಳ್ಳಗಿದ್ದಾಳೆ. ನನಗೂ ಹಾಗೇ ಆಗುತ್ತಾ?"

ಈ ಪ್ರಶ್ನೆ ಕೇಳಿದ್ದು ತುಂಬ ಒಳ್ಳೆಯದಾಯಿತು ಅಕ್ಕ. ಮುಖದ ವಯಸ್ಸು ಕಡಿಮೆ ಮಾಡುವ ಚಿಕಿತ್ಸೆಗಳ ಬಗ್ಗೆ ನಾವು ಓದಿದ್ದನ್ನೆಲ್ಲ ಒಟ್ಟುಮಾಡಿದಾಗ ನಮಗೂ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ ಪ್ರಶ್ನೆ. ನಾವು ವೈದ್ಯರಲ್ಲ. ಯಾರಿಗೆ ಯಾವ ಚಿಕಿತ್ಸೆ ಅಂತ ಹೇಳುವುದು ಚರ್ಮತಜ್ಞರ ಕೆಲಸ. ಆದರೆ ಅವರ ಮುಂದೆ ಕುಳಿತಾಗ ಏನು ಕೇಳಬೇಕು ಅನ್ನುವುದನ್ನು ಇವತ್ತು ನೋಡೋಣ.

ಮೊದಲು, ಮುಖಕ್ಕೆ ವಯಸ್ಸಾಯಿತು ಅಂತ ನಮ್ಮ ಕಣ್ಣಿಗೆ ಹೇಗೆ ಗೊತ್ತಾಗುತ್ತೆ? ಮೂರು ಗುರುತುಗಳಿವೆ. ಒಂದು, ಗೆರೆ ಮತ್ತು ಸುಕ್ಕು. ಎರಡು, ತುಂಬಿದ ಕೆನ್ನೆ ಇಳಿಯುವುದು, ಕಣ್ಣ ಕೆಳಗೆ ಹಳ್ಳ ಬೀಳುವುದು, ದವಡೆಯ ಹತ್ತಿರ ಚರ್ಮ ಜೋತು ಬೀಳುವುದು. ಮೂರು, ಬಣ್ಣ: ಬಂಗು, ಕಲೆ, ಒಂದು ಕಡೆ ಕಪ್ಪು ಒಂದು ಕಡೆ ತಿಳಿ.

ಬಿಳಿ ಚರ್ಮದವರಲ್ಲಿ ಸಾಮಾನ್ಯವಾಗಿ ಸುಕ್ಕು ಮೊದಲು ಬರುತ್ತದೆ. ನಮ್ಮಂಥ ಕಂದು ಚರ್ಮದವರಲ್ಲಿ ಸುಕ್ಕು ತಡವಾಗಿ ಬರುತ್ತದೆ, ಬಣ್ಣದ ಏರುಪೇರು ಮೊದಲು ಕಾಣುತ್ತದೆ. ಇದಕ್ಕೆ ಕಾರಣ ಮೆಲನಿನ್ ಎಂಬ ವರ್ಣಕ. ಅದನ್ನು ತಯಾರಿಸುವ ಮೆಲನೊಸೈಟ್ ಜೀವಕೋಶಗಳ ಸಂಖ್ಯೆ ಎಲ್ಲ ಬಣ್ಣದ ಚರ್ಮದಲ್ಲೂ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಮೆಲನಿನ್ ತಯಾರಿಸುತ್ತವೆ, ಅದನ್ನು ಹೇಗೆ ಹರಡುತ್ತವೆ ಅನ್ನುವುದರಲ್ಲಿ ವ್ಯತ್ಯಾಸ. ಮೆಲನಿನ್ ಕೊಡೆ ಹಿಡಿದ ಹಾಗೆ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಹಾಗಾಗಿ ಚರ್ಮದ ಒಳಪದರದಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನು ನಮ್ಮಲ್ಲಿ ಬಿಸಿಲಿಗೆ ಅಷ್ಟು ಬೇಗ ಹಾಳಾಗುವುದಿಲ್ಲ.

ಇದು ಲಾಭ. ನಷ್ಟವೂ ಇದೆ. ನಮ್ಮ ಮೆಲನೊಸೈಟ್‌ಗಳಿಗೆ ಸಿಟ್ಟು ಜಾಸ್ತಿ. ಚರ್ಮಕ್ಕೆ ಏನೇ ಕಿರಿಕಿರಿ ಆದರೂ ಅವು ಬಣ್ಣ ಸುರಿಯುತ್ತವೆ. ಒಗ್ಗರಣೆ ಸಿಡಿದ ಜಾಗ, ಮೊಡವೆ ಚಿವುಟಿದ ಜಾಗ, ಸೊಳ್ಳೆ ಕಚ್ಚಿ ಕೆರೆದುಕೊಂಡ ಜಾಗ, ಎಲ್ಲ ತಿಂಗಳುಗಟ್ಟಲೆ ಕಪ್ಪಾಗಿಯೇ ಉಳಿಯುವುದನ್ನು ನಾವೆಲ್ಲ ನೋಡಿದ್ದೇವೆ. ಉರಿಯೂತದ ನಂತರದ ಕಪ್ಪು ಅಂತ ಇದನ್ನು ಕರೆಯಬಹುದು. ಇವತ್ತಿನ ಇಡೀ ಮಾತುಕತೆಗೆ ಈ ಒಂದು ಸಂಗತಿ ಸಾಕು. ಯಾವುದೇ ಚಿಕಿತ್ಸೆ ಚರ್ಮವನ್ನು ಸುಟ್ಟರೆ, ಉರಿಸಿದರೆ, ಸುಲಿದರೆ, ನಮ್ಮ ಚರ್ಮ ಅದಕ್ಕೆ ಬಣ್ಣದಲ್ಲಿ ಉತ್ತರ ಕೊಡಬಹುದು.

ಆದ್ದರಿಂದ ನಾವು ಪ್ರತಿ ಚಿಕಿತ್ಸೆಗೂ ಒಂದೇ ಪ್ರಶ್ನೆ ಕೇಳೋಣ: ಇದಕ್ಕೆ ಚರ್ಮದ ಬಣ್ಣ 'ಕಾಣುತ್ತದೆಯೇ'?

ಬೊಟಾಕ್ಸ್‌ನಿಂದ ಶುರು ಮಾಡೋಣ. ಇದು ಬೊಟುಲಿನಮ್ ಟಾಕ್ಸಿನ್, ಅಂದರೆ ವಿಷ. 1820ರ ಸುಮಾರಿಗೆ ಜರ್ಮನಿಯಲ್ಲಿ ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯರು ಕೆಟ್ಟ ಸಾಸೇಜ್ ತಿಂದು ಜನ ಪಾರ್ಶ್ವವಾಯು ಬಡಿದಂತಾಗಿ ಸಾಯುವುದನ್ನು ವಿವರವಾಗಿ ದಾಖಲಿಸಿದ್ದರು. ಲ್ಯಾಟಿನ್ ಭಾಷೆಯಲ್ಲಿ 'ಬೊಟುಲಸ್' ಅಂದರೆ ಸಾಸೇಜ್. ಈ ವಿಷ ನರದ ತುದಿಯಿಂದ ಸ್ನಾಯುವಿಗೆ ಹೋಗುವ ರಾಸಾಯನಿಕ ಸಂದೇಶವನ್ನು ತಡೆಯುತ್ತದೆ. ಸಂದೇಶ ತಲುಪದಿದ್ದರೆ ಸ್ನಾಯು ಬಿಗಿಯುವುದಿಲ್ಲ.

ಇದನ್ನು ಔಷಧವಾಗಿ ಬಳಸಬಹುದು ಅಂತ ತೋರಿಸಿದವರು ಸ್ಯಾನ್ ಫ್ರಾನ್ಸಿಸ್ಕೊದ ಕಣ್ಣಿನ ವೈದ್ಯ ಆಲನ್ ಸ್ಕಾಟ್. ಅವರು ಬಳಸಿದ್ದು ಮೆಳ್ಳೆಗಣ್ಣು ಸರಿಪಡಿಸಲು. ಅಮೆರಿಕದ ಎಫ್‌ಡಿಎ ಅದಕ್ಕೆ 1989ರಲ್ಲಿ ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಂದು ಸ್ವಾರಸ್ಯ ನಡೆದಿತ್ತು. ಕಣ್ಣಿನ ವೈದ್ಯೆ ಜೀನ್ ಕರೂದರ್ಸ್ ಅವರು ರೆಪ್ಪೆ ತಾನಾಗಿಯೇ ಬಿಗಿದುಕೊಳ್ಳುವ ಕಾಯಿಲೆಗೆ ಈ ಚುಚ್ಚುಮದ್ದು ಕೊಡುತ್ತಿದ್ದರು. ಹುಬ್ಬಿನ ನಡುವೆ ಚುಚ್ಚಿದಾಗ ತನ್ನ ಮುಖ ನಿರಾಳವಾಗಿ ಕಾಣುತ್ತದೆ ಅಂತ ರೋಗಿಯೊಬ್ಬರು ಹೇಳಿದರು. ಜೀನ್ ಅವರ ಪತಿ ಅಲಿಸ್ಟರ್ ಚರ್ಮತಜ್ಞರು. ಇಬ್ಬರೂ ಸೇರಿ ಪರೀಕ್ಷಿಸಿ 1992ರಲ್ಲಿ ವರದಿ ಪ್ರಕಟಿಸಿದರು. ಹುಬ್ಬುಗಳ ನಡುವಿನ ಗೆರೆಗೆ ಎಫ್‌ಡಿಎ ಒಪ್ಪಿಗೆ ಬಂದದ್ದು 2002ರಲ್ಲಿ.

ಬೊಟಾಕ್ಸ್ ಕೆಲಸ ಮಾಡುವುದು ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ. ಅದಕ್ಕೆ ಚರ್ಮದ ಬಣ್ಣ ಕಾಣುವುದಿಲ್ಲ. ಬಿಳಿ ಚರ್ಮದಲ್ಲಿ ಹೇಗೋ ಕಂದು ಚರ್ಮದಲ್ಲೂ ಹಾಗೇ. ಪರಿಣಾಮ ಕೆಲವು ದಿನಗಳಲ್ಲಿ ಶುರುವಾಗಿ, ಎರಡು ವಾರಕ್ಕೆ ಪೂರ್ತಿ ಕಂಡು, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಹುಬ್ಬು ಗಂಟಿಕ್ಕಿದಾಗ, ನಕ್ಕಾಗ ಬೀಳುವ ಗೆರೆಗಳಿಗೆ ಮಾತ್ರ ಇದು. ಬಂಗಿಗೆ ಏನೂ ಮಾಡುವುದಿಲ್ಲ. ಸರಿಯಾದ ಜಾಗಕ್ಕೆ ಹೋಗದಿದ್ದರೆ ರೆಪ್ಪೆ ಕೆಲವು ವಾರ ಇಳಿಬೀಳಬಹುದು. ಮದುವೆಗೆ ಮೂರು ದಿನ ಇರುವಾಗ ಮೊದಲ ಸಲ ಮಾಡಿಸಿಕೊಳ್ಳುವ ಕೆಲಸ ಅಲ್ಲ ಇದು.

ಎರಡನೆಯದು ಫಿಲ್ಲರ್. ಇಳಿದ ಕೆನ್ನೆಗೆ, ಹಳ್ಳ ಬಿದ್ದ ಜಾಗಕ್ಕೆ ಜೆಲ್ ತುಂಬುವುದು. ಹೆಚ್ಚು ಬಳಕೆಯಲ್ಲಿರುವುದು ಹಯಲುರಾನಿಕ್ ಆಮ್ಲ. ಇದು ನಮ್ಮ ದೇಹದಲ್ಲೇ ಇರುವ ವಸ್ತು, ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಇದಕ್ಕೂ ಚರ್ಮದ ಬಣ್ಣ ಕಾಣುವುದಿಲ್ಲ, ಸೂಜಿ ಚುಚ್ಚಿದ ಜಾಗದಲ್ಲಿ ಸ್ವಲ್ಪ ದಿನ ಕಪ್ಪು ಉಳಿಯಬಹುದು ಅಷ್ಟೆ. ಇದರ ನಿಜವಾದ ಅಪಾಯ ಬೇರೆ. ಜೆಲ್ ರಕ್ತನಾಳದೊಳಗೆ ಹೋದರೆ ರಕ್ತ ಸಂಚಾರ ನಿಂತು ಚರ್ಮ ಸಾಯಬಹುದು. ತೀರಾ ಅಪರೂಪಕ್ಕೆ ಕಣ್ಣಿನ ದೃಷ್ಟಿಯೇ ಹೋದದ್ದೂ ಇದೆ. ಈ ಜೆಲ್ಲನ್ನು ಕರಗಿಸುವ ಹಯಲುರಾನಿಡೇಸ್ ಎಂಬ ಔಷಧ ಇದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಸರಳ: "ಹಯಲುರಾನಿಡೇಸ್ ಈ ಕೋಣೆಯಲ್ಲಿ ಇದೆಯಾ? ರಕ್ತನಾಳ ಮುಚ್ಚಿದರೆ ಯಾರು ನೋಡ್ತಾರೆ?" ಉತ್ತರಕ್ಕೆ ತಡವರಿಸಿದರೆ ಎದ್ದು ಬರುವುದು ಒಳ್ಳೆಯದು.

ಈಗ ಮೂರನೆಯದು, ನಮ್ಮ ಅಕ್ಕ ಮುಂಗಡ ಕೊಟ್ಟಿರುವುದು: ಬೆಳಕಿನ ಚಿಕಿತ್ಸೆ. ಇದಕ್ಕೆ ಬಣ್ಣ ಕಾಣುತ್ತದೆ. ಹೇಳಬೇಕೆಂದರೆ ಮೊದಲು ಕಾಣುವುದೇ ಬಣ್ಣ.

1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಎಂಬ ಅಮೆರಿಕದ ಚರ್ಮತಜ್ಞರು ಒಂದು ತತ್ವವನ್ನು ಮುಂದಿಟ್ಟರು. ಬೆಳಕಿನ ತರಂಗಾಂತರ ಮತ್ತು ಅದು ಬೀಳುವ ಅವಧಿ ಎರಡನ್ನೂ ಸರಿಯಾಗಿ ಆರಿಸಿಕೊಂಡರೆ, ಚರ್ಮದೊಳಗಿನ ಒಂದು ಬಣ್ಣದ ಗುರಿಯನ್ನು ಮಾತ್ರ ಬಿಸಿ ಮಾಡಿ ಸುತ್ತಲಿನದನ್ನು ಉಳಿಸಬಹುದು. ಬಿಸಿಲಲ್ಲಿ ಬಿಳಿ ಬಟ್ಟೆ ಮತ್ತು ಕರಿ ಬಟ್ಟೆ ಒಟ್ಟಿಗೆ ಇಟ್ಟರೆ ಕರಿಯದು ಬೇಗ ಬಿಸಿಯಾಗುತ್ತದಲ್ಲ, ಹಾಗೆ. ಬಿಳಿ ಚರ್ಮದ ಮೇಲಿನ ಒಂದು ಕಂದು ಕಲೆಗೆ ಬೆಳಕು ಬಿಟ್ಟರೆ ಕಲೆ ಮಾತ್ರ ಬಿಸಿಯಾಗುತ್ತದೆ. ಸುತ್ತಲಿನ ಚರ್ಮದಲ್ಲಿ ಹೀರಿಕೊಳ್ಳುವ ಮೆಲನಿನ್ ಕಡಿಮೆ.

ಆದರೆ ಚರ್ಮವೇ ಕಂದು ಇದ್ದರೆ? ಬೆಳಕಿಗೆ ಕಲೆ ಯಾವುದು, ಚರ್ಮ ಯಾವುದು ಅಂತ ಬೇರೆ ಮಾಡಲು ಕಷ್ಟ. ಇಡೀ ಚರ್ಮ ಬಿಸಿಯಾಗುತ್ತದೆ. ಸುಟ್ಟ ಗುರುತು, ಅದರ ಹಿಂದೆಯೇ ಕಪ್ಪು. ಕೆಲವೊಮ್ಮೆ ಬಣ್ಣ ಹೋಗಿ ಬಿಳಿ ಚುಕ್ಕೆಯೂ ಉಳಿಯಬಹುದು.

ಫೋಟೋಫೇಶಿಯಲ್ ಅನ್ನುವುದು ಸಾಮಾನ್ಯವಾಗಿ ಐಪಿಎಲ್. ಕ್ರಿಕೆಟ್ ಅಲ್ಲ, ತೀವ್ರ ಬೆಳಕಿನ ಮಿಂಚು. ಇದು ಲೇಸರ್ ಕೂಡ ಅಲ್ಲ. ಲೇಸರ್‌ಗೆ ಒಂದೇ ತರಂಗಾಂತರ ಇರುತ್ತದೆ. ಐಪಿಎಲ್ ಸುಮಾರು 500ರಿಂದ 1200 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಫಿಲ್ಟರ್ ಹಾಕಿ ಒಟ್ಟಿಗೆ ಬಿಡುತ್ತದೆ. ಅದರ ಕಡಿಮೆ ತರಂಗಾಂತರದ ಭಾಗವನ್ನು ಮೆಲನಿನ್ ಜೋರಾಗಿ ಹೀರಿಕೊಳ್ಳುತ್ತದೆ. ಕಂದು ಚರ್ಮಕ್ಕೆ ಹೆಚ್ಚು ಸುರಕ್ಷಿತ ಅಂತ ಪರಿಗಣಿಸುವುದು 1064 ನ್ಯಾನೊಮೀಟರ್‌ನ ಎನ್‌ಡಿ-ಯಾಗ್ ಲೇಸರನ್ನು. ಆ ಬೆಳಕನ್ನು ಮೆಲನಿನ್ ಕಡಿಮೆ ಹೀರುತ್ತದೆ, ಅದು ಆಳಕ್ಕೆ ಇಳಿಯುತ್ತದೆ. ಅದರಲ್ಲೂ ಶಕ್ತಿಯ ಮಟ್ಟ ಎಷ್ಟು ಅನ್ನುವುದು ಮುಖ್ಯ.

ಕ್ಲಿನಿಕ್‌ಗಳಲ್ಲಿ "ನಿಮ್ಮದು ಟೈಪ್ ನಾಲ್ಕು, ಟೈಪ್ ಐದು" ಅನ್ನುವುದನ್ನು ಕೇಳಿರಬಹುದು. ಇದು ಹಾರ್ವರ್ಡ್‌ನ ಚರ್ಮತಜ್ಞ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದ ವಿಂಗಡಣೆ. ಸೋರಿಯಾಸಿಸ್ ರೋಗಿಗಳಿಗೆ ಎಷ್ಟು ಅತಿನೇರಳೆ ಕಿರಣ ಕೊಡಬೇಕು ಅಂತ ತೀರ್ಮಾನಿಸಲು ಮಾಡಿದ್ದು. ಮೊದಲು ಇದ್ದದ್ದು ನಾಲ್ಕೇ ಟೈಪ್, ನಾಲ್ಕೂ ಬಿಳಿಯರಿಗೆ. ಕಂದು ಮತ್ತು ಕಪ್ಪು ಚರ್ಮಕ್ಕೆ ಐದು, ಆರು ಅಂತ ಆಮೇಲೆ ಸೇರಿಸಿದರು. ಕನ್ನಡಿಗರಲ್ಲಿ ಒಂದೇ ಮನೆಯಲ್ಲಿ ಮೂರೂ ಇರುತ್ತದೆ, ಐದೂ ಇರುತ್ತದೆ. ಹಾಗಾಗಿ ಅಕ್ಕನಿಗೆ ಆದದ್ದು ತಂಗಿಗೂ ಆಗುತ್ತದೆ ಅಂತ ಹೇಳಲು ಬರುವುದಿಲ್ಲ.

ಬಂಗಿಗೆ ಇನ್ನೊಂದು ತೊಡಕು ಇದೆ. ಅದು ಬಿಸಿಲಿನ ಒಂಟಿ ಕಲೆಯ ಹಾಗಲ್ಲ. ಬಿಸಿಲು, ಹಾರ್ಮೋನು, ಬಸಿರು, ಗರ್ಭನಿರೋಧಕ ಮಾತ್ರೆ, ಮನೆತನ, ಎಲ್ಲ ಸೇರಿ ಬರುವ ಸಮಸ್ಯೆ. ಬೆಳಕು, ಬಿಸಿ ಕೊಟ್ಟಾಗ ಮೊದಲು ತಿಳಿಯಾಗಿ, ಕೆಲವು ತಿಂಗಳಲ್ಲಿ ಮೊದಲಿಗಿಂತ ಗಾಢವಾಗಿ ಮರಳುವುದುಂಟು. ಅದಕ್ಕೇ ಬಂಗಿಗೆ ಲೇಸರ್ ಮೊದಲ ಆಯ್ಕೆ ಅಲ್ಲ.

ಕೆಮಿಕಲ್ ಪೀಲ್ ಬಗ್ಗೆ ಒಂದು ಮಾತು. ಗ್ಲೈಕೋಲಿಕ್ ಆಮ್ಲ ಕಬ್ಬಿನಲ್ಲೂ ಇರುವಂಥದ್ದು, ಮಂಡ್ಯದವರು ಬೇಕಾದರೆ ಹೆಮ್ಮೆ ಪಡಬಹುದು. ಇಂಥ ಆಮ್ಲಗಳ ಹಗುರ ಪೀಲ್‌ಗಳು ಚರ್ಮದ ಮೇಲಿನ ತೆಳು ಪದರವನ್ನಷ್ಟೇ ತೆಗೆಯುತ್ತವೆ, ಎಚ್ಚರಿಕೆಯಿಂದ ಮಾಡಿದರೆ ಕಂದು ಚರ್ಮಕ್ಕೂ ಆಗುತ್ತದೆ. ಆಳದ ಪೀಲ್ ಮಾತ್ರ ನಮಗೆ ಅಪಾಯ.

ಹಾಗಾದ್ರೆ ನಮಗೆ ಏನೂ ಇಲ್ವಾ? ಇದೆ. ಅದು ಕಡಿಮೆ ಖರ್ಚಿನದು, ಆದರೆ ತಾಳ್ಮೆ ಬೇಡುತ್ತದೆ.

ಒಂದು, ಟ್ರೆಟಿನೊಯಿನ್. ಇದು ವಿಟಮಿನ್ ಎ ಕುಟುಂಬದ ಮುಲಾಮು, ಮೊಡವೆಗೆ ಬಂದದ್ದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ಅವರ ಮೊಡವೆಯ ರೋಗಿಗಳಲ್ಲಿ ವಯಸ್ಸಾದವರು ತಮ್ಮ ಚರ್ಮ ನುಣುಪಾಯಿತು, ಸುಕ್ಕು ಕಡಿಮೆಯಾಯಿತು ಅಂದರು. 1986ರಲ್ಲಿ ಅವರು ಅದನ್ನು ಪ್ರಕಟಿಸಿದರು, ನಂತರದ ಪ್ರಯೋಗಗಳೂ ಹೌದು ಅಂದವು. ಇದೇ ಕ್ಲಿಗ್‌ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ ಕೈದಿಗಳ ಮೇಲೆ ವರ್ಷಾನುಗಟ್ಟಲೆ ಪ್ರಯೋಗ ಮಾಡಿದವರು. ಅವರಲ್ಲಿ ಹೆಚ್ಚಿನವರು ಕಪ್ಪು ಜನ. 2021ರಲ್ಲಿ ವಿಶ್ವವಿದ್ಯಾಲಯ ಅದಕ್ಕೆ ಕ್ಷಮೆ ಕೇಳಿತು. ಮುಲಾಮಿನ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳಲು ನಮಗೆ ಮನಸ್ಸಾಗಲಿಲ್ಲ.

ಟ್ರೆಟಿನೊಯಿನ್ ಜೀವಕೋಶದ ಒಳಗೆ ಹೋಗಿ ಹೊಸ ಕೊಲಾಜೆನ್ ತಯಾರಿಸಲು ಹೇಳುತ್ತದೆ, ಇರುವ ಕೊಲಾಜೆನ್ ಒಡೆಯುವುದನ್ನು ತಡೆಯುತ್ತದೆ, ಬಣ್ಣದ ಕಲೆಗಳನ್ನೂ ತಿಳಿಯಾಗಿಸುತ್ತದೆ. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ರಾತ್ರಿ ಹೊತ್ತು, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಮೊದಲು ವಾರಕ್ಕೆ ಎರಡು ಮೂರು ರಾತ್ರಿ ಮಾತ್ರ. ಬೇಗ ಆಗಲಿ ಅಂತ ಜಾಸ್ತಿ ಹಚ್ಚಿದರೆ ಚರ್ಮ ಉರಿದು ಸುಲಿಯುತ್ತದೆ, ಉರಿದ ಜಾಗ ಕಪ್ಪಾಗುತ್ತದೆ. ಬಸಿರಿನಲ್ಲಿ, ಬಸಿರಿಗೆ ಪ್ರಯತ್ನಿಸುವಾಗ ಬೇಡ.

ಎರಡು, ಸನ್‌ಸ್ಕ್ರೀನ್. "ಅಯ್ಯೋ ಅದಾ" ಅನ್ನಬೇಡಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ನಂಬೋರ್ ಎಂಬ ಊರಿನಲ್ಲಿ 55 ವರ್ಷದೊಳಗಿನ 903 ಜನರ ಮೇಲೆ ನಾಲ್ಕೂವರೆ ವರ್ಷ ಪ್ರಯೋಗ ನಡೆಯಿತು, ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ದಿನಾ ಹಚ್ಚಿಕೊಂಡವರಲ್ಲಿ, ಮನಸ್ಸು ಬಂದಾಗ ಹಚ್ಚಿಕೊಂಡವರಿಗಿಂತ ಚರ್ಮಕ್ಕೆ ವಯಸ್ಸಾಗುವುದು ಶೇ. 24ರಷ್ಟು ಕಡಿಮೆ ಇತ್ತು.

ಈಗ ಕಾರಿನ ಕಿಟಕಿ. 2012ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಒಬ್ಬ ಟ್ರಕ್ ಡ್ರೈವರ್‌ನ ಫೋಟೋ ಬಂತು. ವಯಸ್ಸು 69, ಅಮೆರಿಕದಲ್ಲಿ 28 ವರ್ಷ ಟ್ರಕ್ ಓಡಿಸಿದವರು. ಮುಖದ ಬಲಗಡೆ ವಯಸ್ಸಿಗೆ ತಕ್ಕಂತೆ ಇತ್ತು. ಎಡಗಡೆ, ಅಂದರೆ ಕಿಟಕಿಯ ಕಡೆ, ಚರ್ಮ ದಪ್ಪಗಾಗಿ ಆಳವಾಗಿ ಸುಕ್ಕುಗಟ್ಟಿತ್ತು. ಗಾಜು ಚರ್ಮ ಸುಡುವ ಯುವಿಬಿ ಕಿರಣವನ್ನು ತಡೆಯುತ್ತದೆ, ಕೊಲಾಜೆನ್ ಹಾಳುಮಾಡುವ ಯುವಿಎಯನ್ನು ಬಹಳ ಮಟ್ಟಿಗೆ ಒಳಗೆ ಬಿಡುತ್ತದೆ. ಅಮೆರಿಕ, ಕೆನಡಾ, ದುಬೈಯಲ್ಲಿ ಓಡಿಸುವವರಿಗೆ ಎಡ ಕೆನ್ನೆ, ಲಂಡನ್, ಸಿಡ್ನಿ, ಬೆಂಗಳೂರಿನವರಿಗೆ ಬಲ ಕೆನ್ನೆ.

ಆದರೆ ನಂಬೋರ್‌ನ ಪ್ರಯೋಗದಲ್ಲಿದ್ದವರು ಹೆಚ್ಚಾಗಿ ಬಿಳಿಯರು. ನಮಗೆ ಬೇಕಾದ ಮಾಹಿತಿ ಬೇರೆ ಕಡೆ ಇದೆ. 2010ರ ಒಂದು ಅಧ್ಯಯನದಲ್ಲಿ ಅತಿನೇರಳೆ ಕಿರಣ ಬಿಟ್ಟು, ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ಚರ್ಮದ ಮೇಲೆ ಹಾಯಿಸಿ ನೋಡಿದರು. ಬಿಳಿ ಚರ್ಮಕ್ಕೆ ಏನೂ ಆಗಲಿಲ್ಲ. ಟೈಪ್ ನಾಲ್ಕರಿಂದ ಆರರವರ ಚರ್ಮ ಕಪ್ಪಾಯಿತು, ಆ ಕಪ್ಪು ಬೇಗ ಹೋಗಲೂ ಇಲ್ಲ. ಅಂದರೆ ಬಂಗು ಇರುವ ಕಂದು ಮುಖಕ್ಕೆ ಬರೀ ಎಸ್‌ಪಿಎಫ್ ಸಂಖ್ಯೆ ನೋಡಿದರೆ ಸಾಲದು. ಮಾಮೂಲಿ ಸನ್‌ಸ್ಕ್ರೀನ್ ಕಾಣುವ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ. ತಡೆಯುವುದು ಐರನ್ ಆಕ್ಸೈಡ್ ಸೇರಿಸಿದ, ಬಣ್ಣ ಇರುವ ಸನ್‌ಸ್ಕ್ರೀನ್. ನಮ್ಮ ಮಲೆನಾಡಿನ, ಕರಾವಳಿಯ ಕೆಮ್ಮಣ್ಣಿಗೆ ಬಣ್ಣ ಬಂದಿರುವುದೂ ಐರನ್ ಆಕ್ಸೈಡ್‌ನಿಂದಲೇ. ಮುಖಕ್ಕೆ ವಿಭೂತಿ ಬಳಿದ ಹಾಗೆ ಕಾಣುವ ತೊಂದರೆಯೂ ಇದರಲ್ಲಿ ಕಡಿಮೆ. ಅಳತೆ: ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ, ಮುಖಕ್ಕೂ ಕುತ್ತಿಗೆಗೂ ಸೇರಿ. ಹೆಚ್ಚಿನವರು ಅದರ ಅರ್ಧವೂ ಹಚ್ಚುವುದಿಲ್ಲ.

ಇನ್ನು ಸೂಟ್‌ಕೇಸ್ ವಿಷಯ. ಊರಿಂದ ಬರುವಾಗ ಚಟ್ನಿಪುಡಿ, ಹಪ್ಪಳದ ಜೊತೆ ಒಂದು ಟ್ಯೂಬ್ ಬರುತ್ತೆ. "ಮೆಡಿಕಲ್ ಶಾಪ್‌ನವರು ಕೊಟ್ರು, ಒಂದೇ ವಾರಕ್ಕೆ ಮುಖ ಬೆಳಗುತ್ತೆ." ಇಂಥ ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹೈಡ್ರೊಕ್ವಿನೋನ್, ಟ್ರೆಟಿನೊಯಿನ್, ಸ್ಟೀರಾಯ್ಡ್ ಮೂರನ್ನೂ ಬೆರೆಸುವ ಸೂತ್ರ 1975ರಲ್ಲಿ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ ಕೊಟ್ಟದ್ದೇ. ವೈದ್ಯರ ಕಣ್ಣಳತೆಯಲ್ಲಿ, ವಾರಗಳ ಲೆಕ್ಕದಲ್ಲಿ ಬಂಗಿಗೆ ಇಂಥ ಮಿಶ್ರಣವನ್ನು ಇವತ್ತಿಗೂ ಕೊಡುತ್ತಾರೆ. ಆದರೆ ವರ್ಷಗಟ್ಟಲೆ ಫೇಸ್‌ಕ್ರೀಮ್ ಥರ ಹಚ್ಚಿದರೆ ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ಕೊಲಾಜೆನ್ ಇಳಿಸುತ್ತದೆ, ಕೆಂಪು ನರಗಳು ಕಾಣುತ್ತವೆ, ಕೂದಲು, ಮೊಡವೆ ಬರುತ್ತವೆ. ಬಿಟ್ಟರೆ ಮುಖ ಉರಿಯುತ್ತದೆ, ಅದಕ್ಕೇ ಮತ್ತೆ ಹಚ್ಚುತ್ತಾರೆ. ಚಿಕ್ಕವರಾಗಿ ಕಾಣಲು ಹಚ್ಚಿದ್ದು ಮುಖಕ್ಕೆ ಬೇಗ ವಯಸ್ಸು ತರುತ್ತದೆ. 2018ರಲ್ಲಿ ಭಾರತ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿತು. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಬಹಳ ದಿನದಿಂದ ಹಚ್ಚುತ್ತಿದ್ದರೆ ತಟ್ಟನೆ ನಿಲ್ಲಿಸದೆ ವೈದ್ಯರಿಗೆ ತೋರಿಸಿ.

ಈಗ ಟೆಕ್ಸಾಸ್‌ನ ಅಕ್ಕನ ಪ್ರಶ್ನೆಗೆ. ನಿಮ್ಮ ಸ್ನೇಹಿತೆಗೆ ಆದ ಹಾಗೆ ನಿಮಗೆ ಆಗುತ್ತಾ? ಅದೇ ಯಂತ್ರ, ಅದೇ ಶಕ್ತಿಯಲ್ಲಿ ಬಳಸಿದರೆ ಆಗದಿರುವ ಸಾಧ್ಯತೆ ದೊಡ್ಡದು. ಮೊದಲ ಸಿಟ್ಟಿಂಗ್‌ಗೆ ಮುಂಚೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ಯಂತ್ರ ಐಪಿಎಲ್ಲಾ, ಲೇಸರ್ರಾ? ಲೇಸರ್ ಆದರೆ ತರಂಗಾಂತರ ಎಷ್ಟು? ನನ್ನ ಬಣ್ಣದ ಚರ್ಮದ ಮೇಲೆ ಬಂಗಿಗೆ ಮಾಡಿದ ಅನುಭವ ಇದೆಯಾ, ಫೋಟೋ ತೋರಿಸ್ತೀರಾ? ಕಿವಿಯ ಹಿಂದೆ ಅಥವಾ ದವಡೆಯ ಕೆಳಗೆ ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿ, ಕೆಲವು ವಾರ ಕಾಯ್ತೀರಾ? ಸರಿಯಾದ ಉತ್ತರ ಬರದಿದ್ದರೆ ಮುಂಗಡ ಹೋದರೂ ಹೋಗಲಿ. ಮುಖದ ಮೇಲೆ ಕಪ್ಪು ಹೊತ್ತು ಮಂಟಪದಲ್ಲಿ ನಿಲ್ಲುವುದಕ್ಕಿಂತ ಅದು ಅಗ್ಗ.

ನಾಲ್ಕು ತಿಂಗಳು ಕಡಿಮೆ ಸಮಯವೇನಲ್ಲ. ಈ ವಾರವೇ ಚರ್ಮತಜ್ಞರ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಬಂಗಿಗೆ ಮುಲಾಮಿನ ಮಾತು ಆಡಿ. ಬಣ್ಣದ ಸನ್‌ಸ್ಕ್ರೀನ್ ಇವತ್ತೇ ಶುರು ಮಾಡಬಹುದು, ಅದಕ್ಕೆ ಚೀಟಿ ಬೇಡ. ಹುಬ್ಬಿನ ನಡುವಿನ ಗೆರೆ ನಿಜವಾಗಿಯೂ ಬೇಜಾರು ಮಾಡುತ್ತಿದ್ದರೆ ಬೊಟಾಕ್ಸ್ ಅನ್ನು ಅಕ್ಟೋಬರ್ ಕೊನೆ, ನವೆಂಬರ್ ಮೊದಲಿಗೆ ಇಟ್ಟುಕೊಂಡರೆ ಹೆಚ್ಚುಕಡಿಮೆ ಆದರೂ ಸರಿಯಾಗಲು ಸಮಯ ಸಿಗುತ್ತದೆ. ಮೈಸೂರಿಗೆ ಇಳಿದ ಮೇಲೆ ಹೊಸ ಫೇಶಿಯಲ್, ಹೊಸ ಬ್ಲೀಚ್, ಏನೂ ಬೇಡ. ಚಪ್ಪರದ ಕೆಳಗೆ ನಿಂತರೂ ಡಿಸೆಂಬರ್‌ನ ಬಿಸಿಲು ಬಿಸಿಲೇ, ಅದನ್ನು ಮರೆಯಬೇಡಿ.

ಬಂಗು ಪೂರ್ತಿ ಹೋಗದೆ ಇರಬಹುದು. ತಿಳಿಯಾಗುತ್ತದೆ, ಮಿಕ್ಕಿದ್ದನ್ನು ಮೇಕಪ್‌ನವರು ನೋಡಿಕೊಳ್ಳುತ್ತಾರೆ. ಮದುವೆ ಆದ ಮೇಲೆ ಹೇಗಾಯ್ತು ಅಂತ ನಮಗೆ ಬರೆಯಿರಿ ಅಕ್ಕ. ಮಗಳಿಗೆ ನಮ್ಮೆಲ್ಲರ ಶುಭಾಶಯ.

ನಿಮ್ಮಲ್ಲಿ ಯಾರಿಗಾದರೂ ಇಂಥ ಪ್ರಶ್ನೆ ಇದ್ದರೆ ಈಮೇಲ್ ಮಾಡಿ, ಹೆಸರು ಹೇಳಬೇಡಿ ಅಂದರೆ ಹೇಳುವುದಿಲ್ಲ. ಈ ಸಂಚಿಕೆಯನ್ನು ಸೂಟ್‌ಕೇಸ್‌ನಲ್ಲಿ ಟ್ಯೂಬ್ ತರುವ ಒಬ್ಬರಿಗಾದರೂ ಕಳಿಸಿ.